ದೋಟಿಗೆ ಎಟುಕಿದ ಎತ್ತರ

ಮೇಲಿನ ಮರಡಿಯಲ್ಲಿ ಮಣ್ಣು ಮೊಣಕಾಲುದ್ದವೂ ಇರಲಿಲ್ಲ, ಇದ್ದದ್ದರಲ್ಲೂ ಅರ್ಧ ಗರಸು. ಅಲ್ಲಿ ಕಮರದ ಮರಗಳು ಸೊಗಸಾಗಿ ಎತ್ತರಕ್ಕೆ ಎದ್ದಿದ್ದವು. ಕೆಳಗಿನ ತಗ್ಗಿನಲ್ಲಿ ಎದೆಮಟ್ಟದ ಕೆಂಪು ಮಣ್ಣು, ಮಳೆ ನಿಂತು ವಾರ ಕಳೆದರೂ ಒಳಗೆ ತೇವ. ಅಲ್ಲಿ ಅದೇ ವರ್ಷ, ಅದೇ ನರ್ಸರಿಯಿಂದ ತಂದು ನೆಟ್ಟ ಕಮರ ಗಿಡ್ಡವಾಗಿತ್ತು.

ಚಳ್ಳಕೆರೆಯ ಲಾಡ್ಜಿನ ಕೋಣೆಯಲ್ಲಿ ಕೂತು ಈ ಎರಡು ಸಾಲು ಅಂಕಿಗಳನ್ನು ಮತ್ತೆ ಮತ್ತೆ ತಾಳೆ ನೋಡಿದೆ. ನೆಲದ ಮೇಲೆಲ್ಲ ಹಳೇ ಪೇಪರ್ ಹಾಸಿ ಮಣ್ಣಿನ ಮಾದರಿಗಳನ್ನು ಒಣಗಲು ಹರವಿದ್ದೆ. ನೀರು ಕೊಡಲು ಬಂದ ಲಾಡ್ಜಿನ ಮ್ಯಾನೇಜರು ಬಾಗಿಲಲ್ಲೇ ನಿಂತರು. "ಏನ್ ಮೇಡಂ, ರೂಮಲ್ಲೇ ಶೇಂಗಾ ಬಿತ್ತೋ ಪ್ಲಾನಾ?" ಎಂದರು. ನಗು ಬರಲಿಲ್ಲ. ಮರಡಿಯ ಚೀಲದ ಚೀಟಿ ತಗ್ಗಿನ ಚೀಲಕ್ಕೆ ಅಂಟಿಸಿಬಿಟ್ಟೆನೇ ಎಂಬ ಅನುಮಾನದಲ್ಲಿದ್ದೆ. ಎರಡು ಚೀಲ ಬಿಚ್ಚಿ ಬೆರಳಲ್ಲಿ ಉಜ್ಜಿ ನೋಡಿದೆ. ಒಂದರಲ್ಲಿ ಗರಸು ಕರಕರ ಎಂದಿತು, ಇನ್ನೊಂದು ನೀರು ಹನಿಸಿದ ಕೂಡಲೆ ಪಟ್ಟಿಯಂತೆ ಎಳೆದುಕೊಂಡಿತು. ಚೀಟಿಗಳು ಸರಿಯಾಗಿಯೇ ಇದ್ದವು.

ನನಗೆ ಒಪ್ಪಿಸಿದ ಕೆಲಸ ಮೊಳಕಾಲ್ಮೂರು ಕಡೆಯ ಕೆಲವು ನೆಡುತೋಪುಗಳ ನೆಲದ ದರ್ಜೆ ನಿಗದಿ ಮಾಡುವುದು. ದರ್ಜೆ ಅಂದರೆ ಒಂದು ನೆಲಕ್ಕೆ ಮರ ಬೆಳೆಸುವ ಶಕ್ತಿ ಎಷ್ಟಿದೆ ಎಂಬ ಅಂದಾಜು. ಅದಕ್ಕೆ ನೋಡುವುದು ಎರಡು. ಒಂದು, ಮಣ್ಣಿನ ಆಳ, ಗರಸಿನ ಪಾಲು, ನೀರು ಹಿಡಿಯುವ ಗುಣ, ಸುಣ್ಣ, ಸಾರ. ಇನ್ನೊಂದು, ನೆಟ್ಟ ವರ್ಷ ಗೊತ್ತಿರುವ ಮರಗಳಲ್ಲಿ ಎಲ್ಲಕ್ಕಿಂತ ಮುಂದಿರುವವುಗಳ ಎತ್ತರ. ಗಿಡಗಳನ್ನು ಒತ್ತಾಗಿ ನೆಟ್ಟರೆ ಕಾಂಡ ಸಣ್ಣಗಾಗುತ್ತದೆ, ಬಿಡುವಾಗಿ ನೆಟ್ಟರೆ ದಪ್ಪವಾಗುತ್ತದೆ. ಎತ್ತರ ಅಷ್ಟಾಗಿ ಬದಲಾಗುವುದಿಲ್ಲ, ಅದು ನೆಲದ ಮಾತನ್ನೇ ಕೇಳುತ್ತದೆ. ಹಾಗೆಂದು ನನಗೆ ಕಲಿಸಿದ್ದರು, ನಾನೂ ನಂಬಿದ್ದೆ. ಮಣ್ಣು ಒಂದು ಹೇಳಿ ಮರ ಇನ್ನೊಂದು ಹೇಳಿದರೆ ಮರದ ಮಾತನ್ನೇ ಹಿಡಿಯಬೇಕು ಎಂಬುದು ಕ್ರಮ, ಯಾಕೆಂದರೆ ಇಷ್ಟು ವರ್ಷ ಅಲ್ಲಿ ನಿಂತು ಬೆಳೆದದ್ದು ಅದು.

ಕೊನೆಯ ದರ್ಜೆಗೆ ಬಿದ್ದ ತೋಪು ಮುಂದೆ ಮೇವಿನ ಮರ ನೆಡುವ ಯೋಜನೆಯಿಂದ ಹೊರಗಾಗುತ್ತಿತ್ತು. ಹೊರಗಾದ ಜಾಗವನ್ನು ಬೇರೆ ಉದ್ದೇಶಕ್ಕೆ ಪರಿಶೀಲಿಸಬಹುದು ಎಂದು ಆದೇಶದಲ್ಲಿತ್ತು. ಬೇರೆ ಉದ್ದೇಶ ಯಾವುದೆಂದು ಯಾರೂ ನನಗೆ ಹೇಳಲಿಲ್ಲ. ಆದರೆ ಅದು ಕುರಿಯಂತೂ ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಈ ತಗ್ಗಿನ ತೋಪು ಬಿ.ಜಿ. ಕೆರೆ ದಾಟಿ ಒಳಗೆ ಹೋದರೆ ಸಿಗುವ ಒಂದು ಊರಿನದು. ಊರಿನ ಅರಣ್ಯ ಸಮಿತಿಗೆ ಐವತ್ತರ ಆಸುಪಾಸಿನ ಹೆಣ್ಣುಮಗಳು ಅಧ್ಯಕ್ಷೆ. ಮನೆಯಲ್ಲಿ ಕುರಿಹಿಂಡು, ಸೊಸೆಗೆ ರೇಷ್ಮೆ ಸೀರೆಯ ಮಗ್ಗ. ಮೊದಲ ದಿನವೇ ಆಕೆ ಹೇಳಿದ್ದು ಸ್ಪಷ್ಟವಾಗಿತ್ತು.

"ಮೇಡಮ್ಮ, ಬ್ಯಾಸಿಗೀಲಿ ನಮ್ಮ ಕುರಿಗೆ ಬಾಯಿಗೆ ಸಿಗಾದು ಈ ತೋಪೊಂದೇ. ಇದು ಕೈ ಬಿಟ್ರೆ ಹಿಂಡು ಸಂತೆಗೆ ಹೊಡೀಬೇಕು. ಚೆಂದಾಗಿ ಅಳತೆ ಮಾಡ್ರಿ."

ಚೆಂದಾಗಿ ಅಳತೆ ಮಾಡಿದ್ದೆ. ಅದರ ಪ್ರಕಾರ ಈ ತೋಪು ಕೊನೆಯ ದರ್ಜೆ.

ದಿನಚರಿ ಬರೆಯುವ ಅಭ್ಯಾಸ ನನಗಿದೆ. ಹಾಗಂತ ನೆನಪಿನ ಮೇಲೆ ಭರವಸೆ ಹೆಚ್ಚಿಲ್ಲ, ದಿನಚರಿಯ ಮೇಲೂ ಇಲ್ಲ. ಮೊದಲ ಅಳತೆಯ ದಿನದ ಬಗ್ಗೆ ಅಂದು ಬರೆದದ್ದು ಹೀಗಿದೆ: "ಬಿಸಿಲು ಕಡಿಮೆ. ಜನ ಸಹಕಾರ ಕೊಟ್ಟರು. ಎರಡು ಗುರುತು ಬದಲಿಸಿದೆವು." ಇಷ್ಟೇ. ನಕ್ಷೆಯಲ್ಲಿ ಮೊದಲೇ ಗುರುತು ಹಾಕಿದ ಜಾಗಗಳಲ್ಲಿ ನಾವು ಅಳತೆ ಮಾಡಬೇಕಿತ್ತು. ತೋಪಿನ ನಡುವೆ ಇದ್ದ ಎರಡು ಗುರುತುಗಳ ಕಡೆ ಹೊರಟಾಗ ಅಧ್ಯಕ್ಷೆಯ ಮೈದುನ ಮುಂದೆ ಬಂದು ದಾರಿ ತಪ್ಪಿಸಿದ. ಆತ ಕುರಿ ಕಾಯುವವನು, ಹೆಂಡತಿಯ ಊರು ಆಂಧ್ರದ ಗಡಿಯಾಚೆ, ಮಾತಿನಲ್ಲಿ ಅರ್ಧ ತೆಲುಗು.

"ಅಲ್ಲಿ ಬ್ಯಾಡ ಮೇಡಮ್ಮ. ಜಾಲಿ ಮುಳ್ಳು, ಹಾವು ಬೇರೆ ಅದಾವೆ. ಈ ಕಡೆ ಬರ್ರಿ, ಮರ ಚೆಂದ ಐತೆ."

ಆಮೇಲೆ ಅತ್ತಿಗೆಯ ಕಡೆ ತಿರುಗಿ, "ಆ ಪಕ್ಕ ವದ್ದು ವದಿನಾ" ಅಂದ. ಆ ಕಡೆ ಬೇಡ ಅತ್ತಿಗೆ ಅಂತ. ಇದನ್ನು ನಾನು ಅಂದೇ ಕೇಳಿಸಿಕೊಂಡೆನೋ, ಎಲ್ಲ ಗೊತ್ತಾದ ಮೇಲೆ ಅವನ ಬಾಯಿಗೆ ಹಾಕಿದೆನೋ, ಈಗ ಹೇಳಲಾರೆ. ದಿನಚರಿಯಲ್ಲಿ ಇಲ್ಲ. ಕಿವಿಯಲ್ಲಿ ಮಾತ್ರ ಇದೆ.

ಗುರುತುಗಳನ್ನು ತೋಪಿನ ಅಂಚಿಗೆ, ಗಾಡಿದಾರಿಯ ಹತ್ತಿರಕ್ಕೆ ಸರಿಸಿದೆವು. ಮುಳ್ಳು, ಹಳ್ಳ ಅಡ್ಡ ಬಂದಾಗ ಹಾಗೆ ಸರಿಸಲು ಕ್ರಮದಲ್ಲಿ ಅವಕಾಶ ಇದೆ. ಅಂಚಿನ ಮರಗಳ ತಲೆಯೆಲ್ಲ ಸೊಪ್ಪು ತುಂಬಿ ಗುಂಡಗೆ ಕಾಣುತ್ತಿತ್ತು. ಎತ್ತರ ಅಳೆಯುವ ಕೈಸಾಧನದಲ್ಲಿ ತುದಿ ನೋಡಿ, ಎದೆಮಟ್ಟದಲ್ಲಿ ಟೇಪು ಸುತ್ತಿ ಕಾಂಡದ ಸುತ್ತಳತೆ ತೆಗೆದುಕೊಂಡೆ. ಜೊತೆಗೆ ಬಂದಿದ್ದ ಅರಣ್ಯ ರಕ್ಷಕ, ಅಂದರೆ ಗಾರ್ಡು, ಅಂಕಿ ಬರೆದುಕೊಂಡ. ನಮೂನೆಯಲ್ಲಿದ್ದ ಪ್ರಶ್ನೆಯನ್ನೂ ಆತನೇ ಕೂಗಿ ಕೇಳಿದ.

"ಇಲ್ಲಿ ಮರ ಕಡಿತೀರಾ?"

"ಇಲ್ಲಪ್ಪ, ಕಡಿಯಲ್ಲ," ಎಂದರು ಅಧ್ಯಕ್ಷೆ. ಮೈದುನನೂ ತಲೆಯಾಡಿಸಿದ.

ಕೆಳಗಿನ ತೋಪಿನ ಮರಗಳ ಎತ್ತರದಲ್ಲಿ ಹೆಚ್ಚುಕಡಿಮೆ ವ್ಯತ್ಯಾಸವೇ ಇರಲಿಲ್ಲ. ನೆಲ ಒಂದೇ ಸಮ ಇರುವುದರಿಂದ ಮರಗಳೂ ಒಂದೇ ಸಮ ಎಂದು ನಾನು ಅರ್ಥ ಮಾಡಿಕೊಂಡೆ. ಅದು ಎಷ್ಟು ಒಳ್ಳೆಯ ವಿವರಣೆ ಅನ್ನಿಸಿತ್ತೆಂದರೆ, ಅದರ ಬಗ್ಗೆ ದಿನಚರಿಯಲ್ಲಿ ಒಂದು ಪೂರ್ತಿ ಪುಟ ಇದೆ.

ಒಳ್ಳೆಯ ಮಣ್ಣಿನಲ್ಲಿ ಗಿಡ್ಡ ಮರ ಇದ್ದರೆ ಮೊದಲು ಅನುಮಾನಿಸಬೇಕಾದದ್ದು ಕಣ್ಣಿಗೆ ಕಾಣದ ಆಳವನ್ನು. ಕೆಳಗೆ ಸುಣ್ಣಕಲ್ಲಿನ ಗಟ್ಟಿ ಪದರ ಇರಬಹುದು, ಬೇರು ಅದಕ್ಕೆ ತಾಗಿ ಅಲ್ಲೇ ನಿಂತಿರಬಹುದು. ಹಾಗಾಗಿ ವರದಿ ಕಳಿಸುವುದನ್ನು ತಡೆದು, ಗುಂಡಿ ತೋಡಿಸಲು ಮತ್ತೆ ಆ ಊರಿಗೆ ಹೋದೆ. ಅಷ್ಟರಲ್ಲಿ ಚಳಿ ಮುಗಿದು ಬಿಸಿಲು ಬಿದ್ದಿತ್ತು. ಶೇಂಗಾ ಹೊಲಗಳು ಖಾಲಿಯಾಗಿದ್ದವು. ದೂರದ ಬಂಡೆಗುಡ್ಡಗಳು ಹತ್ತಿರಕ್ಕೆ ಬಂದು ಕೂತಂತೆ ಕಾಣುತ್ತಿದ್ದವು.

ಮೊದಲ ಗುಂಡಿಯಲ್ಲಿ ಸೊಂಟದಾಳ ಹೋಗುವಷ್ಟರಲ್ಲಿ ಬಿಳಿ ಹರಳು ಸಿಕ್ಕವು. ಆಮ್ಲದ ಹನಿ ಬಿಟ್ಟೆ, ನೊರೆ ಎದ್ದಿತು. ಸುಣ್ಣ! ಗುಂಡಿಯೊಳಗೆ ನಿಂತೇ ನಾನು ಎಲ್ಲರಿಗೂ ವಿವರಿಸಿದೆ. ಬೇರು ಇಲ್ಲಿಗೆ ಬಂದು ನಿಂತಿದೆ, ಅದಕ್ಕೇ ಮರ ಏಳಲಿಲ್ಲ, ಮಣ್ಣು ಮೇಲೆ ಚೆನ್ನಾಗಿದ್ದರೂ ಕೆಳಗೆ ಬಾಗಿಲು ಹಾಕಿದೆ. ಅಧ್ಯಕ್ಷೆ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು ಕೇಳಿದರು.

"ಹಂಗಂದ್ರೆ ನಮ್ಮ ನೆಲ ಒಳ್ಳೇದೋ ಕೆಟ್ಟದ್ದೋ?"

"ಮರಕ್ಕೆ ಕೆಟ್ಟದ್ದು ಅನ್ನಬೇಕಾಗುತ್ತೆ."

ಆಕೆ ಒಂದು ಹರಳು ಎತ್ತಿಕೊಂಡು ತಿರುಗಿಸಿ ನೋಡಿ ಮತ್ತೆ ಗುಂಡಿಗೇ ಹಾಕಿದರು.

ಒಂದೇ ಗುಂಡಿ ನಂಬುವಂತಿಲ್ಲ. ಎರಡನೆಯದನ್ನು ತೋಪಿನ ಒಳಮೈಗೆ ಸ್ವಲ್ಪ ಹತ್ತಿರ, ತಂಗಡಿ ಪೊದೆಗಳ ಪಕ್ಕ ತೋಡಿಸಿದೆ. ಮೈದುನ ಬೇಡವೆನ್ನಲು ಹೋದ. ಹಾವು ಬಂದರೆ ಗಾರ್ಡಿನ ಲಾಠಿ ಇದೆ ಎಂದೆ. ಅಲ್ಲಿ ಎದೆಯಾಳ ಹೋದರೂ ಸುಣ್ಣ ಸಿಗಲಿಲ್ಲ. ಮೂರನೆಯದರಲ್ಲೂ ಇಲ್ಲ. ಮೊದಲ ಗುಂಡಿಯ ಹರಳು ಒಂದು ಹಳೇ ತೊರೆಯ ಜಾಡಿನಲ್ಲಿ ಕೂಡಿಕೊಂಡ ಚೂರುಗಳು ಅಷ್ಟೆ. ಇಡೀ ತೋಪಿಗೆ ಅದನ್ನು ಹಾಸಿದವಳು ನಾನು.

ಮೂರನೇ ಗುಂಡಿಯ ಗೋಡೆಯಲ್ಲಿ ಬೇರೆ ಒಂದು ಕಂಡಿತು. ನನ್ನ ತೋಳಿನಷ್ಟು ದಪ್ಪದ ಬೇರು, ಗೋಡೆಯ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೊಕ್ಕಿತ್ತು. ಸಲಿಕೆ ತಾಗಿದ ಕಡೆ ಕೆಂಪಗೆ ಹಸಿ. ಕಮರದ್ದೇ. ಸುತ್ತ ನೋಡಿದೆ. ಅಷ್ಟು ದಪ್ಪ ಬೇರಿನ ಒಡೆಯನಾಗುವಂಥ ಮರ ಕಣ್ಣಳತೆಯಲ್ಲಿ ಒಂದೂ ಇರಲಿಲ್ಲ. ಬೇರು ಸಣ್ಣದಾಗುತ್ತ ಹೋಗುವುದು ಮರದಿಂದ ದೂರಕ್ಕೆ, ದಪ್ಪವಾಗುತ್ತ ಹೋಗುವುದು ಮರದ ಕಡೆಗೆ. ಗುಂಡಿಯಿಂದ ಎದ್ದು ಬೇರು ದಪ್ಪವಾದ ದಿಕ್ಕು ಹಿಡಿದು ತಂಗಡಿ ಪೊದೆ ಸರಿಸಿ ಒಳಗೆ ನಡೆದೆ. ಹಿಂದಿನಿಂದ ಯಾರೋ "ಮೇಡಮ್ಮ" ಅಂದರು. ನಿಲ್ಲಲಿಲ್ಲ.

ಒಳಗೆ ಇದ್ದವು ಮರಗಳು. ಬುಡ ಎಷ್ಟು ದಪ್ಪವೆಂದರೆ ಮರಡಿಯಲ್ಲಿ ಅಂಥದ್ದನ್ನು ಒಂದೂ ನೋಡಿರಲಿಲ್ಲ. ಮೇಲೆ ಹೋದಂತೆ ಗಂಟು ಗಂಟು. ಗಂಟುಗಳ ಮೇಲೆ ಈಚೆಗೆ ಕತ್ತರಿಸಿದ ಕೊಂಬೆಗಳ ಬಿಳಿ ಮೊಂಡು. ತಲೆಯೇ ಇರಲಿಲ್ಲ. ಹಾವೂ ಇರಲಿಲ್ಲ. ಕುರಿ ಹಿಕ್ಕೆ ಬೇಕಾದಷ್ಟಿತ್ತು.

ಮೂವರೂ ಹಿಂದೆ ಬಂದು ನಿಂತರು. ಮೊದಲು ಮಾತಾಡಿದ್ದು ಗಾರ್ಡು.

"ಗಾಳಿಗೆ ಮುರಿದಿರಬೇಕು ಮೇಡಂ."

"ಹೂಂ, ಗಾಳಿಗೇ," ಅಂದ ಮೈದುನ. "ಈ ಕಡೆ ಗಾಳಿ ಭಾಳ ಜೋರು."

"ಈ ಗಾಳಿಗೆ ಕುಡುಗೋಲು ಯಾರು ಕೊಟ್ಟರು?" ಅಂದೆ.

ಅಧ್ಯಕ್ಷೆಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಹಿಡಿದುಕೊಂಡರು. ಮರುಕ್ಷಣವೇ ಆ ಮುಖದ ನಗು ಹೋಯಿತು. ಅಲ್ಲಿ ಗಾರ್ಡಿನ ಖಾಕಿ ಅಂಗಿ ಇತ್ತು, ಅದು ಆಕೆಗೆ ನೆನಪಾಗಿರಬೇಕು.

ಅಂದು ಗಾರ್ಡಿನ ಬೈಕಿನಲ್ಲಿ ಬಿ.ಜಿ. ಕೆರೆಯ ಬಸ್ ಸ್ಟಾಪಿನವರೆಗೆ ಬಂದೆ. ಆತ ಚಹಾದಂಗಡಿಯಲ್ಲಿ ಮಂಡಕ್ಕಿ ಮುಂದಿಟ್ಟುಕೊಂಡು ಕೂತ ಮೇಲೆ ಬಾಯಿ ಬಿಟ್ಟ.

"ನೋಡ್ರಿ ಮೇಡಂ. ನೀವು ನೋಡಿದ್ರಿ. ನಾನು ನೋಡ್ಲಿಲ್ಲ. ಹಂಗೇ ಇಟ್ಕೊಳ್ಳಾಣ."

"ನೀವು ನೋಡದೆ ಇದ್ದರೆ ಅವರ ತೋಪು ಹೋಗುತ್ತೆ."

"ನಾನು ನೋಡಿದ್ರೆ ಅವರ ಮೇಲೆ ಕೇಸ್ ಹಾಕಬೇಕು. ಹಾಕ್ಲಿಲ್ಲ ಅಂದ್ರೆ ಇಷ್ಟು ದಿನ ಏನ್ ಮಾಡ್ತಿದ್ದೆ ಅಂತ ನನ್ನನ್ನ ಕೇಳ್ತಾರೆ. ಯಾವುದು ಬೇಕು ಹೇಳ್ರಿ."

ಲಾಡ್ಜಿಗೆ ಬಂದು ಹಳೆಯ ಅಂಕಿಗಳನ್ನು ಮತ್ತೆ ತೆಗೆದೆ. ಈ ಸಲ ಎತ್ತರ ಬಿಟ್ಟು ಸುತ್ತಳತೆ ಮಾತ್ರ ಓದಿದೆ. ಕೆಳಗಿನ ತೋಪಿನ ಅಂಚಿನ ಮರಗಳ ಕಾಂಡ ಕೂಡ ಮರಡಿಯ ಮರಗಳಿಗಿಂತ ದಪ್ಪವಿತ್ತು. ಆ ಅಂಚಿನವಕ್ಕೆಲ್ಲ ಎತ್ತರ ಮಾತ್ರ ಒಂದೇ. ಅಂಚಿನವನ್ನೂ ಕತ್ತರಿಸಿದ್ದರು, ಒಂದೆರಡು ವರ್ಷದ ಹಿಂದೆ. ಸೊಪ್ಪು ತುಂಬಿ ಗಾಯ ಮುಚ್ಚಿತ್ತು, ಅಷ್ಟೆ. ಅಷ್ಟೊಂದು ಮರ ಒಂದೇ ಎತ್ತರಕ್ಕೆ ಬಂದು ನಿಲ್ಲುವುದು ಮಣ್ಣಿನಿಂದ ಆಗುವ ಕೆಲಸವಲ್ಲ. ಆಮೇಲೆ ಹೊಳೆಯಿತು. ನಾನು ಅಳೆದದ್ದು ನೆಲದ ಶಕ್ತಿಯನ್ನಲ್ಲ. ಸೊಪ್ಪು ಕೊಯ್ಯುವ ದೋಟಿಯ ಉದ್ದವನ್ನು.

ಮರುದಿನ ಒಬ್ಬಳೇ ಅಧ್ಯಕ್ಷೆಯ ಮನೆಗೆ ಹೋದೆ. ಗಾರ್ಡಿಗೆ ಹೇಳಲಿಲ್ಲ. ಪಡಸಾಲೆಯಲ್ಲಿ ಸೊಸೆ ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದಳು. ಮೂಲೆಯಲ್ಲಿ ಎರಡಾಳುದ್ದದ ದೋಟಿ ಗೋಡೆಗೆ ಒರಗಿತ್ತು, ತುದಿಗೆ ಕುಡುಗೋಲು ಕಟ್ಟಿದ್ದು. ನನ್ನನ್ನು ನೋಡಿ ಮೈದುನ ಅದರ ಮುಂದೆ ಹೋಗಿ ನಿಂತ.

"ಸರಿ ನಿಲ್ಲಲೇ," ಎಂದರು ಅಧ್ಯಕ್ಷೆ. "ಕಂಡಾಗೈತೆ ಅವರಿಗೆ."

ನಾನು ಬಂದದ್ದು ಕೇಸಿಗಲ್ಲ ಎಂದು ಮೊದಲು ಹೇಳಿದೆ. ದರ್ಜೆ ಹೇಗೆ ಹಾಕುತ್ತಾರೆಂದು ಆಮೇಲೆ ಹೇಳಿದೆ. ಇದನ್ನು ಯಾರೂ ಅವರಿಗೆ ಹೇಳಿರಲಿಲ್ಲ. ಇಲಾಖೆಯವರು ಬರುವುದು ಕಳ್ಳತನ ಹಿಡಿಯಲು ಎಂದು ತಿಳಿದು, ಕತ್ತರಿಸಿದ ಮರ ಬಚ್ಚಿಟ್ಟು ಸೊಪ್ಪಿದ್ದ ಮರ ತೋರಿಸಿದ್ದರು. ಎತ್ತರದ ಮೇಲೆ ನೆಲದ ಹಣೆಬರಹ ನಿಂತಿದೆ ಎಂದು ಕೇಳಿ ಆಕೆ ತಲೆಯ ಮೇಲೆ ಕೈ ಇಟ್ಟುಕೊಂಡರು.

"ಅಯ್ಯೋ ಅವ್ವಾ! ಉಣ್ಣೆ ಕತ್ತರಿಸಿದ ಕುರಿ ನೋಡಿ, ಇದು ಉಣ್ಣೆ ಬಿಡಲ್ಲ ಅಂದಂಗಾತು."

"ನಾನೂ ಅಷ್ಟೇ ಮಾಡಿದ್ದು. ಕಡಿತೀರಾ ಅಂತ ಕೇಳಿದಾಗ ಯಾಕೆ ಇಲ್ಲ ಅಂದ್ರಿ?"

"ಕಡಿಯಲ್ಲ ಮತ್ತೆ! ಕಡಿಯಾದು ಬುಡಕ್ಕೆ. ನಾವು ಕೊಂಬೆ ಸವರ್ತೀವಿ. ಸವರ್ತೀರಾ ಅಂತ ಕೇಳಿದ್ರೆ ಹೇಳ್ತಿದ್ದೆ."

ಒಂದು ಕ್ಷಣ ಬಿಟ್ಟು ಆಕೆಯೇ ಸೇರಿಸಿದರು. "ಎಲ್ಲಿ ಹೇಳ್ತಿದ್ದೆ ಬಿಡು."

ಮಗ್ಗದ ಸದ್ದು ನಿಂತಿತ್ತು. ಸೊಸೆ ನಗುತ್ತಿದ್ದಳು.

ಮರಡಿಯ ಮೇಲಿನ ಮರಗಳನ್ನು ಯಾಕೆ ಸವರಿಲ್ಲ ಎಂದು ಕೇಳಿದೆ. ಮೈದುನನ ಪ್ರಕಾರ ದಾರಿ ದೂರ, ಕಲ್ಲು ಹತ್ತಬೇಕು. ಅಧ್ಯಕ್ಷೆಯ ಪ್ರಕಾರ ಹಿಂದೊಮ್ಮೆ ಸವರಿ ನೋಡಿದ್ದರು, ಅಲ್ಲಿನ ಮರ ಸರಿಯಾಗಿ ಚಿಗುರಲಿಲ್ಲ. "ಯೇಪಿ ಎಲ್ಲಾದ್ರೂ ಚಿಗುರ್ತದೆ ವದಿನಾ," ಅಂತ ಮೈದುನ ಜಗಳಕ್ಕೆ ನಿಂತ. ಕಮರಕ್ಕೆ ಅವನ ಹೆಸರು ಯೇಪಿ. ಇಬ್ಬರೂ ಒಪ್ಪಲಿಲ್ಲ. ನನಗೆ ಆ ಜಗಳವೇ ಬೇಕಾಗಿತ್ತು. ಸವರಿದ ಮರ ಎರಡೂ ಕಡೆ ಒಂದೇ ಥರ ಚಿಗುರುತ್ತದೋ ಇಲ್ಲವೋ ಎಂಬುದು ಅಳೆದು ನೋಡಬಹುದಾದ ಪ್ರಶ್ನೆ. ಎತ್ತರ ಮೋಸ ಹೋದ ಕಡೆ ಚಿಗುರನ್ನು ಕೇಳಬಹುದು. ಆದರೆ ಅದಕ್ಕೆ ಮರಡಿಯಲ್ಲೂ ಕೆಲವು ಮರ ಸವರಬೇಕು, ಕೆಳಗೆ ಕೆಲವನ್ನು ಸವರದೆ ಬಿಡಬೇಕು. ಎರಡಕ್ಕೂ ವಲಯ ಅರಣ್ಯಾಧಿಕಾರಿಯ ಒಪ್ಪಿಗೆ ಬೇಕು. ಒಪ್ಪಿಗೆ ಕೇಳಬೇಕಾದರೆ ಇಷ್ಟು ವರ್ಷ ಸವರಿದ್ದನ್ನು ಹೇಳಬೇಕು.

"ನಾನೇ ಬರೆದು ಕಳಿಸಬಹುದು," ಅಂದೆ. "ಆದರೆ ನಿಮ್ಮನ್ನು ಕೇಳದೆ ಬರೆಯಲ್ಲ. ಬರೆದರೆ ಕೇಸ್ ಆಗಬಹುದು. ಬರೆಯದಿದ್ದರೆ ತೋಪು ಹೋಗುತ್ತೆ."

ಆಕೆ ಬಹಳ ಹೊತ್ತು ಸುಮ್ಮನಿದ್ದರು ಎಂದು ನನ್ನ ನೆನಪು ಹೇಳುತ್ತದೆ. ದಿನಚರಿಯಲ್ಲಿ "ಕೂಡಲೆ ಒಪ್ಪಿದರು" ಎಂದಿದೆ. ಯಾವುದು ನಿಜವೋ. ಹೇಳಿದ ಮಾತು ಮಾತ್ರ ಎರಡರಲ್ಲೂ ಒಂದೇ.

"ನೀನು ಬರೀಬ್ಯಾಡ. ನಾನು ಹೇಳ್ತೀನಿ ಸಾಹೇಬ್ರಿಗೆ. ತೋಪಿಗೇ ಕರ್ಕೊಂಡು ಬಾ."

ಸಾಹೇಬರು, ಅಂದರೆ ವಲಯ ಅರಣ್ಯಾಧಿಕಾರಿ, ಒಂದು ಬೆಳಿಗ್ಗೆ ಜೀಪಿನಲ್ಲಿ ಬಂದರು. ಮಣ್ಣಿನ ಗುಂಡಿ ತೋರಿಸುವುದಿದೆ ಎಂದಷ್ಟೇ ತಿಳಿಸಿದ್ದೆ. ಗಾರ್ಡಿನ ಮುಖ ಬಾಡಿತ್ತು. ಅಧ್ಯಕ್ಷೆ ಊರ ಕಡೆಯಿಂದ ನಡೆದು ಬಂದರು, ಹೆಗಲ ಮೇಲೆ ದೋಟಿ. ಹಗಲು ಹೊತ್ತಿನಲ್ಲಿ, ಖಾಕಿಯ ಎದುರಿಗೆ, ಅಷ್ಟುದ್ದದ ದೋಟಿ ಹೊತ್ತು ಬರುವುದನ್ನು ನೋಡಿ ಗಾರ್ಡು ನನ್ನ ಕಡೆ ತಿರುಗಿ "ಹೋತು" ಅಂದ.

ಆಕೆ ದೋಟಿಯನ್ನು ಒಂದು ಮರದ ಬುಡಕ್ಕೆ ನಿಲ್ಲಿಸಿ, ಎರಡೂ ಕೈ ಚಾಚಿ ಎತ್ತಿ ಹಿಡಿದರು. ಕುಡುಗೋಲಿನ ತುದಿ ಸರಿಯಾಗಿ ಮೇಲಿನ ಗಂಟುಗಳ ಹತ್ತಿರ ಹೋಗಿ ನಿಂತಿತು. ಪಕ್ಕದ ಮರಕ್ಕೆ ಹೋಗಿ ಹಾಗೇ ಮಾಡಿದರು. ಅಲ್ಲೂ ಅಷ್ಟೇ.

"ಇಷ್ಟು ಎಟುಕ್ತೈತೆ ಸಾಹೇಬ್ರೆ. ಇಷ್ಟಕ್ಕೇ ಸವರ್ತೀವಿ. ಬ್ಯಾಸಿಗೀಲಿ ಕುರಿಗೆ ಬೇರೆ ಗತಿ ಇಲ್ಲ. ಮರ ಗಿಡ್ಡ ಆಗಿರಾದು ನಮ್ಮಿಂದ, ನೆಲದಿಂದ ಅಲ್ಲ. ಕೇಸ್ ಹಾಕಾದಾದ್ರೆ ನನ್ನ ಮ್ಯಾಲೆ ಹಾಕ್ರಿ. ನೆಲದ ಮ್ಯಾಲೆ ಹಾಕಬ್ಯಾಡ್ರಿ."

ಸಾಹೇಬರು ಮರ ನೋಡಿದರು, ದೋಟಿ ನೋಡಿದರು, ಗಾರ್ಡಿನ ಮುಖ ನೋಡಿದರು. ಗಾರ್ಡು ನೆಲ ನೋಡುತ್ತಿದ್ದ.

"ನಿಮಗೆ ಗೊತ್ತಿರಲಿಲ್ಲವಾ?"

"ಗೊತ್ತಿತ್ತು ಸರ್," ಅಂದ ಗಾರ್ಡು. ಅದನ್ನು ಆತ ಹೇಳುತ್ತಾನೆಂದು ನಾನು ಎಣಿಸಿರಲಿಲ್ಲ.

ಸಾಹೇಬರು ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡು ನನ್ನನ್ನು ಕೇಳಿದರು. "ಇಷ್ಟು ಸವರಿದ ಮೇಲೂ ಬುಡ ಹಿಂಗೆ ದಪ್ಪ ಆಗೋಕ್ಕೆ ಸಾಧ್ಯವಾ?"

"ಮಣ್ಣು ಚೆನ್ನಾಗಿದ್ದರೆ ಮಾತ್ರ. ಅದನ್ನೇ ಅಳೆದು ತೋರಿಸಬೇಕು. ಒಂದು ಮಳೆಗಾಲ ಕೊಡಿ."

ಅವರು ಷರತ್ತು ಹಾಕಿದರು. ಕೆಳಗಿನ ತೋಪಿನ ಅರ್ಧ ಮರಗಳಿಗೆ ನಾನು ಬಣ್ಣ ಹಚ್ಚಬೇಕು, ಅವನ್ನು ಮುಂದಿನ ಮಳೆ ಮುಗಿಯುವವರೆಗೆ ಯಾರೂ ಮುಟ್ಟಬಾರದು. ಉಳಿದವನ್ನು ಈ ಬೇಸಿಗೆಯಲ್ಲಿ ಸವರಬಹುದು, ಆದರೆ ನಡುಸುಳಿ ಬಿಟ್ಟು, ಪಕ್ಕದ ಕೊಂಬೆ ಮಾತ್ರ. ಮರಡಿಯಲ್ಲಿ ಹೋಲಿಕೆಗೆಂದು ಕೆಲವು ಮರಗಳನ್ನು ಅದೇ ರೀತಿ ಸವರಬೇಕು, ಗಾರ್ಡಿನ ಎದುರಿಗೆ. ಆದದ್ದಕ್ಕೆ ಎಲ್ಲರಿಗೂ ಎಚ್ಚರಿಕೆ. ಇದು ತಪ್ಪಿದರೆ ಎರಡೂ ಆಗುತ್ತದೆ, ಕೇಸೂ ಕೊನೆಯ ದರ್ಜೆಯೂ.

ಅಧ್ಯಕ್ಷೆ ಚೌಕಾಸಿಗೆ ಇಳಿದರು. ಬಣ್ಣದ ಮರ ಅರ್ಧ ಬೇಡ, ಕಾಲುಭಾಗ ಸಾಕು ಎಂದರು. ಕಾಲುಭಾಗವಾದರೆ ಅಂದಾಜು ಗಟ್ಟಿಯಾಗುವುದಿಲ್ಲ ಎಂದು ನಾನು ತಡೆದೆ. ಮೂರರಲ್ಲಿ ಒಂದು ಎಂದು ತೀರ್ಮಾನವಾಯಿತು. ಜೀಪು ಹೋದ ಮೇಲೆ ಮೈದುನ ನೆಲಕ್ಕೆ ಕೂತುಬಿಟ್ಟ.

"ಇಷ್ಟು ವರ್ಷ ಹೆದರಿ ಹೆದರಿ ಸವರಿದ್ವಿ. ಈಗ ಸರ್ಕಾರವೇ ಸವರು ಅಂತದೆ. ಅದೂ ಆ ಮರಡಿ ಹತ್ತಿ!"

"ಹತ್ತಲೇ," ಅಂದ ಗಾರ್ಡು. "ಯೇಪಿ ಎಲ್ಲಾದ್ರೂ ಚಿಗುರ್ತದೆ ಅಂದೆಯಲ್ಲ. ನೋಡಾಣ."

ಆ ಬೇಸಿಗೆ ಅವರಿಗೆ ಸುಲಭವಾಗಿರಲಿಲ್ಲ. ಬಿಟ್ಟ ಮರಗಳ ಸೊಪ್ಪು ಹಿಂಡಿಗೆ ಕಡಿಮೆ ಬಿತ್ತು. ಹೊಲದ ಬದುವಿನ ಜಾಲಿಕಾಯಿ ಬಡಿದು, ಶೇಂಗಾ ಬಳ್ಳಿ ಮುಗಿಯದಂತೆ ಎಣಿಸಿ ಹಾಕಿ ದಿನ ದೂಡಿದರು. ನಾನು ಹೋದಾಗಲೆಲ್ಲ ಬಣ್ಣದ ಮರಗಳನ್ನು ಒಂದೊಂದಾಗಿ ಮುಟ್ಟಿ ನೋಡುತ್ತಿದ್ದೆ. ಅದರಲ್ಲಿ ಅಪನಂಬಿಕೆ ಇತ್ತು, ಆಕೆಗೆ ಅದು ಕಾಣುತ್ತಲೂ ಇತ್ತು. "ಎಣಿಸ್ಕೋ ಎಣಿಸ್ಕೋ," ಅನ್ನುತ್ತಿದ್ದರು. ಒಂದಕ್ಕೂ ಅವರು ದೋಟಿ ತಾಗಿಸಿರಲಿಲ್ಲ.

ಒಮ್ಮೆ ಆಕೆಯೇ ಒಂದು ಆಸೆ ತೋರಿಸಿದರು. ತೋಪಿನ ಮೂಲೆಗೆ ದೇವರ ಎತ್ತುಗಳ ಹಳೇ ರೊಪ್ಪ ಇದೆ. ದೇವರಿಗೆ ಬಿಟ್ಟ ದನಗಳನ್ನು ಹಿಂದೆ ಅಲ್ಲಿ ಕೂಡುತ್ತಿದ್ದರು. ಅದರ ಬೇಲಿಯಂಚಿನ ಕಮರಕ್ಕೆ ಯಾರೂ ದೋಟಿ ತಾಗಿಸುವುದಿಲ್ಲ. ನಾಲ್ಕಾರು ಮರ, ಇಡೀ ಸೀಮೆಯಲ್ಲಿ ಅಂಥ ಎತ್ತರ ಇಲ್ಲ.

"ಇವನ್ನ ಅಳೆದು ಹಾಕಮ್ಮ. ಮೊದಲನೇ ದರ್ಜೆ ಬಂದುಬಿಡ್ತೈತೆ."

ಚಪ್ಪಲಿ ಬಿಟ್ಟು ಹೊರಗೇ ನಿಂತು ಬಹಳ ಹೊತ್ತು ನೋಡಿದೆ. ಆಸೆ ನನಗೂ ಇತ್ತು. ಆದರೆ ಆ ನೆಲಕ್ಕೆ ಎಷ್ಟೋ ಕಾಲ ಸಗಣಿ ಗಂಜಲ ಬಿದ್ದಿದೆ. ಅಲ್ಲಿನ ಸಾರ ರೊಪ್ಪದ್ದು, ತೋಪಿನದ್ದಲ್ಲ. ಗಿಡ್ಡ ಮರ ಸುಳ್ಳು ಹೇಳಿದ್ದನ್ನು ತಿದ್ದಲು ಎತ್ತರದ ಮರದಿಂದ ಸುಳ್ಳು ಹೇಳಿಸಲಾಗದು. ಹಾಗೆಂದು ಹೇಳಿದೆ. ಆಕೆ ಮುಖ ಗಂಟಿಕ್ಕಿ, "ನಿನ್ನ ಜೊತೆ ಕಷ್ಟ ಐತೆ ತಾಯಿ" ಎಂದು ಹೊರಟುಬಿಟ್ಟರು. ಸ್ವಲ್ಪ ದೂರ ಹೋಗಿ ತಿರುಗಿ, "ಮುದ್ದೆ ಮಾಡೀನಿ, ಉಂಡು ಹೋಗು" ಅಂದರು.

ಮಳೆ ತಡವಾಗಿ ಬಂದರೂ ಬಂತು. ಅದು ಮುಗಿದು ಸೊಪ್ಪು ಬಲಿತ ಮೇಲೆ ಅಳತೆಗೆ ನಿಂತೆವು. ಮೊದಲು ಮರಡಿ. ಸವರಿದ ಕಮರಗಳಲ್ಲಿ ಚಿಗುರು ಇತ್ತು, ಮೈದುನ ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಗೇಣುದ್ದ, ಸಣಕಲು, ಕೆಲವು ಕೊಂಬೆ ಒಣಗಿಯೇ ಹೋಗಿದ್ದವು. ಮೈದುನ ಒಂದು ಚಿಗುರನ್ನು ಎಳೆದು ಉದ್ದ ಮಾಡಲು ನೋಡಿದ. "ಬಿಡಲೇ, ರಬ್ಬರ್ ಅಲ್ಲ ಅದು," ಅಂದ ಗಾರ್ಡು. ಆಮೇಲೆ ತಗ್ಗಿಗೆ ಇಳಿದೆವು. ಅದೇ ದಿನಗಳಲ್ಲಿ, ಅದೇ ರೀತಿ ಸವರಿದ ಮರಗಳ ಚಿಗುರು ಎರಡು ಮೊಳ ದಾಟಿತ್ತು. ಟೇಪು ಹಿಡಿದ ಗಾರ್ಡು ಒಂದೊಂದು ಅಂಕಿಯನ್ನೂ ಎರಡೆರಡು ಸಲ ಕೂಗಿದ. ನಾನು ಒಂದೇ ಸಲ ಸಾಕು ಎಂದರೂ ಕೇಳಲಿಲ್ಲ.

ಮೊದಲ ದಿನ ಬಿಟ್ಟ ಎರಡು ಗುರುತುಗಳಿಗೆ ಈ ಸಲ ಹೋದೆ. ಜಾಲಿ ಮುಳ್ಳು ನಿಜವಾಗಿಯೂ ಇತ್ತು. ಹಾವಿನ ಪೊರೆಯೂ ಒಂದು ಸಿಕ್ಕಿತು. ಮೈದುನ ಅದನ್ನು ಕಡ್ಡಿಯಲ್ಲಿ ಎತ್ತಿ ನನ್ನ ಮುಂದೆ ಹಿಡಿದ. "ನಾನು ಹೇಳಿರ್ಲಿಲ್ವಾ?"

ಕೆಳಗಿನ ತೋಪಿಗೆ ಎರಡನೇ ದರ್ಜೆ ಎಂದು ವರದಿಯಲ್ಲಿ ಬರೆದೆ. ಮೊದಲನೆಯದು ಎನ್ನಲು ಮಣ್ಣು ಚೆನ್ನಾಗಿದ್ದರೂ ಮಳೆ ಸಾಲದು, ಒಂದು ಹಂಗಾಮಿನ ಚಿಗುರಿನ ಮೇಲೆ ಅಷ್ಟು ಹೇಳುವ ಧೈರ್ಯವೂ ನನಗಿಲ್ಲ. ಇದು ತಾತ್ಕಾಲಿಕ ಅಂದಾಜು, ಮತ್ತೆ ಅಳೆಯಬೇಕು ಎಂದೂ ಸೇರಿಸಿದೆ. ನಮೂನೆಯಲ್ಲಿ "ಮರ ಕಡಿತ" ಎಂದಿದ್ದ ಕಡೆ, ಅದನ್ನು ಕೇಳುವಾಗ ಸವರುವುದನ್ನು ಬೇರೆಯಾಗಿ ಕೇಳಬೇಕು ಎಂದು ಸೂಚನೆ ಬರೆದೆ. ವರದಿ ಒಪ್ಪಿಗೆಯಾಯಿತು. ತೋಪು ಯೋಜನೆಯೊಳಗೆ ಉಳಿಯಿತು. ಸವರುವ ಸರದಿಯನ್ನು ಸಮಿತಿಯೇ ಗೊತ್ತು ಮಾಡಿ ಸಾಹೇಬರಿಗೆ ತಿಳಿಸಬೇಕು ಎಂದು ತೀರ್ಮಾನವಾಯಿತು.

ಕೊನೆಯ ದಿನದ ಅಳತೆ ಬಣ್ಣ ಹಚ್ಚಿದ ಮರಗಳದ್ದು, ಮುಟ್ಟದೆ ಬಿಟ್ಟವು. ಪೊದೆ ಒತ್ತಾಗಿದ್ದರಿಂದ ದೂರ ನಿಂತು ಕೈಸಾಧನದಲ್ಲಿ ತುದಿ ಹಿಡಿಯಲಾಗುತ್ತಿರಲಿಲ್ಲ. ಉದ್ದದ ಕೋಲು ಬೇಕಿತ್ತು. ಅಧ್ಯಕ್ಷೆ ಮನೆಯಿಂದ ದೋಟಿ ತರಿಸಿದರು. ಕುಡುಗೋಲು ಬಿಚ್ಚಿ, ಅದರ ಮೈಮೇಲೆ ನಾನು ಬಿಳಿ ಬಣ್ಣದಲ್ಲಿ ಅಳತೆಯ ಗೆರೆ ಎಳೆದೆ. ಹಿಡಿಯುವ ಕೆಲಸ ತನಗೇ ಇರಲಿ ಎಂದರು ಆಕೆ.

ಬುಡಕ್ಕೆ ಹೋಗಿ ನಿಂತು, ಅದೇ ಮೊದಲಿನ ಹಾಗೆ ಎರಡೂ ಕೈ ಚಾಚಿ ದೋಟಿ ಎತ್ತಿದರು. ತುದಿ ಹಳೇ ಗಂಟುಗಳನ್ನು ದಾಟಲಿಲ್ಲ. ಅಲ್ಲಿಂದ ಮೇಲಕ್ಕೆ ಹೊಸ ನಡುಸುಳಿ ಬಿಸಿಲಿನಲ್ಲಿ ಹೊಳೆಯುತ್ತ ನಿಂತಿತ್ತು. ಆಕೆ ಕಾಲಿನ ತುದಿಯಲ್ಲಿ ನಿಂತು ನೋಡಿದರು. ಮೈದುನ ಬಗ್ಗಿ, "ಹೆಗಲ ಮ್ಯಾಲೆ ಹತ್ತು ವದಿನಾ" ಎಂದು ಛೇಡಿಸಿದ. ಆಕೆ ಅವನ ಬೆನ್ನಿಗೊಂದು ಗುದ್ದಿ, ಮತ್ತೊಮ್ಮೆ ಕೈ ಚಾಚಿದರು. ಆಮೇಲೆ ದೋಟಿ ಇಳಿಸಿ ನನ್ನ ಕಡೆ ತಿರುಗಿದರು.

"ಬರ್ಕೋ ಅವ್ವಾ," ಎಂದರು. "ದೋಟಿಗೆ ಎಟುಕಲ್ಲ."